ಕೆಪ್ಪ ಜೋಗದ ಮುಂದೆ ದೊಣ್ಣೆನಾಯಕ

ಗಾದೆ ಹೇಳಿದವನು ನಮ್ಮ ತಂಡದ ಕಿರಿಯ, ಇಪ್ಪತ್ತೆರಡರ ಹುಡುಗ. ಹೇಳಿಸಿಕೊಂಡವರು ಉಂಚಳ್ಳಿ ಜಲಪಾತದ ಕಾವಲಿಗಿದ್ದ, ಅರವತ್ತರ ಆಸುಪಾಸಿನ ಒಬ್ಬರು. ಕಂಬಿ ದಾಟಿ ಕೆಳಗಿನ ಬಂಡೆಗೆ ಇಳಿಯಲು ಹೊರಟವನನ್ನು ಅವರು ಕೈ ಅಡ್ಡ ಹಿಡಿದು ತಡೆದರು. ಹುಡುಗನಿಗೆ ರೇಗಿತು. 'ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ?' ಎಂದುಬಿಟ್ಟ. ಅವರ ಕೈಯಲ್ಲಿ ನಿಜಕ್ಕೂ ಒಂದು ದೊಣ್ಣೆ ಇತ್ತು. ಅದನ್ನೊಮ್ಮೆ ನೋಡಿಕೊಂಡು ನಕ್ಕರು. 'ನೀರಿಗೆ ಬ್ಯಾಡ ತಮಾ, ನಿಂಗೆ ಬೇಕು' ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಷ್ಟು ವರ್ಷದಿಂದ ಆಡುತ್ತ ಬಂದ ಗಾದೆಯನ್ನು ನಾನು ಅರ್ಧವೇ ಕೇಳಿಸಿಕೊಂಡಿದ್ದೆ ಅನ್ನಿಸಿತು.

ಈ ಗಾದೆ ಬಾಯಿಗೆ ಬರುವುದು ಹೆಚ್ಚಾಗಿ ಸಿಟ್ಟಿನಲ್ಲಿ. ಊರೊಟ್ಟಿನ ಬಾವಿ, ಗೋಮಾಳ, ಕೆರೆ ಏರಿಯ ಮೇಲಿನ ಕಾಲುದಾರಿ, ಇಂಥ ಯಾವುದಕ್ಕಾದರೂ ಒಬ್ಬ ತಾನೇ ಒಡೆಯನೆಂಬಂತೆ ಅಡ್ಡ ನಿಂತರೆ ಅವನ ಮುಖಕ್ಕೆ ಎಸೆಯುವ ಮಾತಿದು. ಎಲ್ಲರದ್ದಾದ ವಸ್ತುವಿಗೆ ಯಾರನ್ನು ಕೇಳಬೇಕು? ಶಾಸನಗಳಲ್ಲಿ ದಂಡನಾಯಕ ಎಂಬ ಪದವಿ 'ದಣ್ಣಾಯಕ' ಎಂದೂ ಕಾಣುತ್ತದೆ. ಅದೇ ಜನರ ಬಾಯಲ್ಲಿ ದೊಣ್ಣೆನಾಯಕನಾಯಿತು ಎಂಬುದು ನನ್ನ ಊಹೆ. ಸೇನಾಪತಿಯನ್ನು ಜನ ದೊಣ್ಣೆ ಹಿಡಿದವನನ್ನಾಗಿ ಮಾಡಿದರೆ ಅದು ಅಪಭ್ರಂಶ ಎನ್ನಲು ನನಗೆ ಮನಸ್ಸಿಲ್ಲ. ದಂಡ ಎಂದರೂ ಕೋಲೇ ಅಲ್ಲವೇ? ಜನ ಪದವನ್ನು ಕೆಡಿಸಲಿಲ್ಲ, ಸಿಪ್ಪೆ ಸುಲಿದರು.

ಆದರೆ ಗಾದೆಯ ಗಂಟು ನಾಯಕನಲ್ಲಿಲ್ಲ, 'ನೀರಿಗೆ' ಎಂಬ ಮಾತಿನ ಕೊನೆಯ 'ಗೆ'ಯಲ್ಲಿದೆ. ನೀರಿಗೆ ಹೋಗುವುದು ಎಂದರೆ ನೀರು ತರಲು ಹೋಗುವುದು. ಆ ದಾರಿಯಲ್ಲಿ ಓದಿದರೆ ಹೊಳೆಯ ನೀರು ಮೊಗೆಯಲು ಮನುಷ್ಯನಿಗೆ ಅಪ್ಪಣೆ ಬೇಕಿಲ್ಲ ಎಂದಾಯಿತು. ಹುಡುಗ ಹೇಳಿದ್ದು ಇದನ್ನೇ. ಆದರೆ 'ಗೆ' ನೇರವಾಗಿ ನೀರನ್ನೇ ತೋರಿಸಬಹುದಲ್ಲ! ಹರಿಯಲು ನೀರಿಗೆ ಯಾರ ಅಪ್ಪಣೆ? ಕಾವಲಿನವರು ಓದಿದ್ದು ಈ ಬಗೆಯಲ್ಲಿ. ವ್ಯಾಕರಣದ ಮೇಷ್ಟ್ರು ಎರಡಕ್ಕೂ ಚತುರ್ಥಿ ವಿಭಕ್ತಿ ಎಂದು ಗೀಟು ಹಾಕಿ ಮುಂದೆ ಹೋದಾರು. ಹೊಳೆಯ ದಂಡೆಯಲ್ಲಿ ನಿಂತವನಿಗೆ ಎರಡರ ನಡುವೆ ಒಂದು ಕೊಳ್ಳದಷ್ಟು ಅಂತರ ಕಾಣುತ್ತದೆ.

ಕೊಳ್ಳ ಅಘನಾಶಿನಿಯದು. ಅಕ್ಟೋಬರ್ ಕೊನೆ, ಮಳೆ ಹಿಂದೆಗೆದಿದ್ದರೂ ಮಣ್ಣು ಇನ್ನೂ ಒಣಗಿರಲಿಲ್ಲ. ಬೆಳಿಗ್ಗೆ ಶಿರಸಿ ಬಿಟ್ಟೆವು. ಹೊಳೆ ಹುಟ್ಟುವುದೂ ಅಲ್ಲೇ, ಪೇಟೆಯೊಳಗಿನ ಶಂಕರ ಹೊಂಡದಲ್ಲಿ ಎನ್ನುತ್ತಾರೆ. ಮಂಜುಗುಣಿ ಕಡೆಯಿಂದ ಬರುವ ಕವಲೇ ಮೂಲ ಎನ್ನುವವರೂ ಇದ್ದಾರೆ. ನದೀಮೂಲ ಹುಡುಕಬಾರದೆಂಬ ಇನ್ನೊಂದು ಗಾದೆ ಇರುವುದರಿಂದ ಆ ಜಗಳಕ್ಕೆ ನಾನು ಹೋಗುವುದಿಲ್ಲ. ಪಾಪ ತೊಳೆಯುವ ಹೆಸರಿನ ಹೊಳೆ ಬಸ್ಸು, ಅಂಗಡಿ, ಚರಂಡಿಗಳ ನಡುವೆ ಹುಟ್ಟುವುದು ಮಾತ್ರ ನನಗೆ ಇಷ್ಟ. ಕೆಲಸ ಇರುವಲ್ಲೇ ಹುಟ್ಟಿದೆ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕಡಲು ಮೂಗಿನ ಮುಂದೆ ಇದೆ. ಇಷ್ಟು ಎತ್ತರವನ್ನು ಇಷ್ಟು ಹತ್ತಿರದಲ್ಲಿ ಇಳಿದು ಮುಗಿಸಬೇಕಾದ ನೀರು ನಿಧಾನ ಮಾಡುವಂತಿಲ್ಲ. ಘಟ್ಟದ ಅಂಚಿನ ಬಂಡೆಯನ್ನು ಕೊರೆಯುತ್ತ, ವರ್ಷವರ್ಷಕ್ಕೂ ಹಿಂದಕ್ಕೆ ತಿನ್ನುತ್ತ, ಕೊಳ್ಳವನ್ನು ಆಳ ಮಾಡುತ್ತ ಬಂದಿದೆ. ಹೊಳೆಯೊಂದೇ ಅಲ್ಲ, ಅದಕ್ಕೆ ಸೇರುವ ಹಳ್ಳಗಳೂ ಕೊಳ್ಳದ ಅಂಚಿಗೆ ಬಂದು ಮುಗ್ಗರಿಸಬೇಕು. ಉತ್ತರ ಕನ್ನಡದಲ್ಲಿ ನಾಲ್ಕು ಮೈಲಿಗೊಂದು ಜೋಗ ಇರುವುದಕ್ಕೆ ಕಾರಣ ಇದೇ. ಈ ಸೀಮೆಯವರು ಗೇರುಸೊಪ್ಪೆಯದ್ದನ್ನು ಮಾತ್ರವಲ್ಲ, ಬೀಳುವ ನೀರನ್ನೆಲ್ಲ ಜೋಗ ಎಂದೇ ಕರೆಯುತ್ತಾರೆ.

ಮೊದಲು ನೋಡಿದ್ದು ಬೆಣ್ಣೆಹೊಳೆ. ದೇವಿಮನೆ ಘಟ್ಟದ ದಾರಿಯಿಂದ ಕವಲೊಡೆದು, ವಾಹನ ಬಿಟ್ಟು, ಕಾಡೊಳಗೆ ಕಡಿದಾಗಿ ಇಳಿಯಬೇಕು. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು ತಂದಿದ್ದೆವು. ಒಂದು ಉಂಬಳ ನನ್ನ ಬೂಟಿನ ಮೇಲೆ ಹಿಂಗಾಲಲ್ಲಿ ನಿಂತಂತೆ ಎದ್ದು, ತುದಿಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸಿ, ಬಿಸಿ ಎಲ್ಲಿದೆ ಎಂದು ಹುಡುಕುತ್ತಿತ್ತು. ಬೆಂಕಿಕಡ್ಡಿಗಿಂತ ತೆಳ್ಳಗೆ. ಗಂಟು ಮುಟ್ಟಿಸಿದ ಕೂಡಲೇ ಸುರುಟಿ ಉಂಡೆಯಾಗಿ ಎಲೆಗಳೊಳಗೆ ಉದುರಿತು. ಅದೂ ಅಪ್ಪಣೆ ಕೇಳುವ ಜಾತಿಯದ್ದಲ್ಲ. ಸಂಜೆ ಕಾಲುಚೀಲ ಬಿಚ್ಚಿದಾಗ ಎರಡು ಸಿಕ್ಕವು, ಉಂಡು ದ್ರಾಕ್ಷಿಯಂತಾಗಿದ್ದವು.

ಬೆಣ್ಣೆಹೊಳೆಗೆ ಆ ಹೆಸರು ಏಕೆ ಎಂದು ಬುಡಕ್ಕೆ ಹೋದಾಗ ಯಾರೂ ಕೇಳುವುದಿಲ್ಲ. ನೀರು ಬಂಡೆಯ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿ ಬಂಡೆಗೆ ಮೆತ್ತಿಕೊಂಡು ಜಾರುತ್ತದೆ. ಕಡೆಗೋಲಿನಿಂದ ಬೆರಳಲ್ಲಿ ಸವರಿ ತೆಗೆದ ಬೆಣ್ಣೆಯ ಹಾಗೆ ಮಡಿಕೆ ಮಡಿಕೆ. ಪಕ್ಕದ ಒರತೆಯಲ್ಲಿ ಬೊಗಸೆಯೊಡ್ಡಿ ಕುಡಿದೆವು. ಯಾರನ್ನೂ ಕೇಳಲಿಲ್ಲ. ಗಾದೆಯ ಮೊದಲ ಅರ್ಥಕ್ಕೆ ಅಷ್ಟು ಸಾಕು. ಬಾಯಾರಿದವನ ಬೊಗಸೆಯೇ ಅದರ ಅಳತೆ.

ಎರಡನೆಯ ಅರ್ಥಕ್ಕೆ ಉಂಚಳ್ಳಿಗೇ ಹೋಗಬೇಕಾಯಿತು. ಹೆಗ್ಗರಣಿ ದಾಟಿ ಕಾಡಿನ ದಾರಿಯಲ್ಲಿ ನಡೆಯುವಾಗ ಜೋಗ ಕಾಣುವ ಮುಂಚೆ ಕಿವಿಗೆ ಬರುತ್ತದೆ. ಮೊದಲು ದೂರದ ಲಾರಿಯಂತೆ, ಆಮೇಲೆ ಎದೆಯೊಳಗೇ ಯಾರೋ ಗುದ್ದುತ್ತಿದ್ದಂತೆ. ಮೆಟ್ಟಿಲಿಳಿದು ಎದುರು ನಿಂತರೆ ಇಡೀ ಅಘನಾಶಿನಿ 116 ಮೀಟರ್ ಕೆಳಗೆ ಬಿದ್ದು, ಹಸಿರು ಗೋಡೆಗಳ ನಡುವಿನ ಕೊಳ್ಳದಲ್ಲಿ ಹೊಗೆಯಾಗಿ ಏಳುತ್ತಿತ್ತು. ಪಕ್ಕದವನು ಏನೋ ಹೇಳಿದ. ತುಟಿ ಕಂಡಿತು, ಮಾತು ಕೇಳಲಿಲ್ಲ. ಊರವರು ಇದನ್ನು ಕೆಪ್ಪ ಜೋಗ ಎಂದು ಕರೆದದ್ದು ಸುಮ್ಮನೆ ಅಲ್ಲ.

ಪುಸ್ತಕಗಳಲ್ಲಿ ಇದಕ್ಕೆ ಲಷಿಂಗ್ಟನ್ ಫಾಲ್ಸ್ ಎಂಬ ಇನ್ನೊಂದು ಹೆಸರಿದೆ. ಬ್ರಿಟಿಷ್ ಕಲೆಕ್ಟರ್ ಜೆ. ಡಿ. ಲಷಿಂಗ್ಟನ್ 1845ರಲ್ಲಿ ಇದನ್ನು 'ಕಂಡುಹಿಡಿದ'ನಂತೆ. ಅಲ್ಲಿಯತನಕ ಅದರ ಸದ್ದಿಗೆ ಕಿವಿ ಕೆಪ್ಪಾಗಿಸಿಕೊಂಡವರ ಲೆಕ್ಕ ಎಲ್ಲಿ ಹೋಯಿತೋ! ದಂಡಾಧಿಕಾರ ಇದ್ದವನೊಬ್ಬ ಬಂದ, ನೀರಿಗೆ ಅವನ ಹೆಸರು ಬಿತ್ತು. ಹೊಳೆ ಅದನ್ನು ಕೇಳಿಸಿಕೊಳ್ಳಲಿಲ್ಲ, ಸುತ್ತಿನ ಜನರೂ ಕೇಳಿಸಿಕೊಳ್ಳಲಿಲ್ಲ. ಅಷ್ಟರ ಮಟ್ಟಿಗೆ ಇಬ್ಬರಿಗೂ ಕೆಪ್ಪು.

ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯಿಂದ ಕುಮಟಾದ ಬಳಿ ಕಡಲು ಸೇರುವತನಕ ಅದು ಬಂದಂತೆ ಬಂದು ಹೋದಂತೆ ಹೋಗುತ್ತದೆ. ಇದರ ಬೆಲೆ ತಿಳಿಯಬೇಕಾದರೆ ದಕ್ಷಿಣಕ್ಕಿರುವ ಶರಾವತಿಯ ಕೊಳ್ಳವನ್ನು ನೆನೆಯಬೇಕು. 253 ಮೀಟರಿನ ಜೋಗ, ರಾಜ, ರಾಣಿ, ರೋರರ್, ರಾಕೆಟ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ನಾಲ್ಕೂ ಮೈತುಂಬುವುದು, ಬರೀ ಗೆರೆಗಳಾಗುವುದು ಬಹುಮಟ್ಟಿಗೆ ಗೇಟಿನ ಮಾತು. ಅಲ್ಲಿ ಗಾದೆ ತಲೆಕೆಳಗು. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕು, ಅದೂ ಲಿಖಿತದಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅಂದು ನಾನು ಫೋಟೊ ತೆಗೆದ ಮೊಬೈಲಿನ ಚಾರ್ಜಿನಲ್ಲೂ ಆ ನಾಯಕನ ಪಾಲು ಇದ್ದೀತು. ಹಾಗಾಗಿ ಅವನನ್ನು ಬೈಯುವ ಬಾಯಿ ನನ್ನದಲ್ಲ. ಮುಳುಗಡೆಯಾಗಿ ಎದ್ದುಹೋದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಬಾಯಿ ಅವರದ್ದು.

ಅಪ್ಪಣೆಯ ಪರಿಣಾಮ ಕಾಣುವುದು ಜಲಪಾತದಲ್ಲಿ ಅಲ್ಲ, ಅಳಿವೆಯಲ್ಲಿ. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರು ಹೊನ್ನಾವರದ ಶರಾವತಿ ಅಳಿವೆಯ ಉಪ್ಪನ್ನು ತೆಳುಮಾಡಿತು. ಉಪ್ಪುನೀರಿಗೆ ಒಗ್ಗಿದ ಚಿಪ್ಪುಜೀವಿಗಳು ಕಡಿಮೆಯಾದವು. ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲ ಸಿಹಿ, ಬೇಸಿಗೆ ಉಪ್ಪು. ಹೆಂಗಸರು ಇಳಿತದ ಹೊತ್ತಿಗೆ ಕೆಸರಲ್ಲಿ ಕೂತು ಬಳಚು ಹೆಕ್ಕುತ್ತಾರೆ, ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಇನ್ನೂ ಅಲ್ಲಲ್ಲಿ ಉಳಿದಿದೆ, ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಮೇಲೆ ಘಟ್ಟದಲ್ಲಿ ಸಿಂಗಳೀಕಗಳಿಗಾಗಿ ಸುಮಾರು 300 ಚದರ ಕಿಲೋಮೀಟರ್ ಕಾಡು 2011ರಿಂದ ಸಂರಕ್ಷಿತ ಪ್ರದೇಶ. ಹಾಗೆಂದು ಈ ಹೊಳೆಯ ಮೇಲೆ ಯಾರ ಕಣ್ಣೂ ಬಿದ್ದಿಲ್ಲ ಎಂದಲ್ಲ. ತದಡಿಯಲ್ಲಿ ಭಾರೀ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಿದ್ದರು, ಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಆಗಾಗ ತಲೆಯೆತ್ತುತ್ತದೆ. ನಾಯಕರು ಸಾಲುಗಟ್ಟಿ ನಿಂತಿದ್ದಾರೆ. ದೊಣ್ಣೆ ಮಾತ್ರ ಇನ್ನೂ ಯಾರ ಕೈಗೂ ಪೂರ್ತಿ ಸಿಕ್ಕಿಲ್ಲ.

ಹುಡುಗನ ಸಿಟ್ಟು ಇಳಿದ ಮೇಲೆ ಕಾವಲಿನವರು ನಮ್ಮನ್ನು ಕಂಬಿಯ ಬಳಿ ಕೂರಿಸಿಕೊಂಡರು. ಕೆಳಗಿನ ಬಂಡೆಯನ್ನು ದೊಣ್ಣೆಯಿಂದ ತೋರಿಸಿ, ಕಪ್ಪಗೆ ಮಿರುಗುವುದು ಕಲ್ಲಲ್ಲ, ಹಾವಸೆ ಎಂದರು. ಅದಕ್ಕಿಂತ ದೊಡ್ಡ ಭಯ ಬೇರೆ. ಮೇಲೆ ಶಿರಸಿ ಕಡೆ ಮಳೆ ಹೊಯ್ದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಶರಾವತಿಯಲ್ಲಾದರೆ ಗೇಟು ಎತ್ತುವ ಮುಂಚೆ ಕೆಳಗಿನವರಿಗೆ ಎಚ್ಚರಿಕೆ ಕೊಡುತ್ತಾರೆ. 'ಇಲ್ಲಿ ಯಾರು ಕೊಡ್ತಾರೆ?' ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಪ್ಪಣೆ ಕೇಳದ ನೀರು ಹೇಳಿಯೂ ಬರುವುದಿಲ್ಲ. ದೊಣ್ಣೆನಾಯಕನಿಲ್ಲದ ಹೊಳೆಗೆ ಒಬ್ಬ ಕಾವಲಿನವ ಬೇಕಾಗುತ್ತಾನೆ, ಅವನ ದೊಣ್ಣೆ ನೀರಿನ ಕಡೆ ತಿರುಗಿರುವುದಿಲ್ಲ, ನಮ್ಮ ಕಡೆ ತಿರುಗಿರುತ್ತದೆ. ಗಾದೆ ಕಟ್ಟಿದವರು ಬೊಗಸೆ ಹಿಡಿದು ಬಂದವರನ್ನು ಕಂಡಿದ್ದರು. ಸೆಲ್ಫಿ ಕೋಲು ಹಿಡಿದು ಬರುವವರನ್ನು ಕಂಡಿರಲಿಲ್ಲ. ಅದೂ ಒಂದು ದೊಣ್ಣೆಯೇ ಅನ್ನಿ.

ಬಿಸಿಲು ಎದುರು ಗೋಡೆಯ ತುದಿಗೆ ಹೋಯಿತು, ಕೊಳ್ಳದ ತಳ ನೀಲಿಯಾಯಿತು. ಮೇಲೆ ಹತ್ತುವಾಗ ನನ್ನ ಮೊಣಕಾಲು ಬೆಣ್ಣೆಹೊಳೆಯ ಇಳಿಜಾರಿನ ಲೆಕ್ಕ ಕೇಳತೊಡಗಿತು. ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದೆ. ಕಾವಲಿನವರು ಏನೂ ಹೇಳದೆ ತಮ್ಮ ದೊಣ್ಣೆಯನ್ನು ಹುಡುಗನ ಕೈಗಿತ್ತು, ನನ್ನ ಕಡೆ ಕಣ್ಣು ಮಾಡಿದರು. ಅವನು ತಂದು ಕೊಟ್ಟ. ಬಿದಿರಿನದು, ಹಿಡಿಯುವ ಜಾಗ ಕೈಬೆವರಿಗೆ ನುಣುಪಾಗಿ ಕಂದಾಗಿತ್ತು. ಅದನ್ನೂರಿಕೊಂಡು ಮೇಲೆ ಬಂದೆ. ವಾಹನ ಹತ್ತುವಾಗ ಅದು ಇನ್ನೂ ನನ್ನ ಕೈಯಲ್ಲೇ ಇತ್ತು.

'ಅದನ್ನ ಇಲ್ಲೇ ಮರಕ್ಕೆ ಆನಿಸಿ ಹೋಗಿ' ಎಂದು ಹಿಂದಿನಿಂದ ಕೂಗಿದರು, 'ನಾಳೆ ಬರೋರಿಗೆ ಬೇಕು.'