ತೈ ಚಿ ಮತ್ತು ತಾವೋ ತತ್ತ್ವ: ಮಣಿಯುವುದರೊಳಗಿನ ಬಲ

ಚೀನಾದ ಸಮರಕಲೆಗಳನ್ನು ಬಹಿರಂಗ ಮತ್ತು ಅಂತರಂಗ ಎಂದು ವಿಂಗಡಿಸುವ ವಾಡಿಕೆಯಲ್ಲಿ ತೈ ಚಿಯು ಎರಡನೆಯ ಪಂಗಡಕ್ಕೆ ಸೇರುತ್ತದೆ. ಸ್ನಾಯುಬಲವನ್ನೂ ವೇಗವನ್ನೂ ಮೊದಲು ಬೆಳೆಸುವುದು ಬಹಿರಂಗ ಕಲೆಗಳ ಕ್ರಮವಾದರೆ, ಮನಸ್ಸಿನ ಸಂಕಲ್ಪವು ಮುಂದಾಗಿ, ಪ್ರಾಣಶಕ್ತಿಯು ಅದನ್ನು ಅನುಸರಿಸಿ, ಅಂಗಾಂಗಗಳು ಕೊನೆಯಲ್ಲಿ ಚಲಿಸಬೇಕೆಂಬುದು ಅಂತರಂಗ ಕಲೆಯ ಕ್ರಮ. ಈ ಭೇದದ ಹಳೆಯ ಉಲ್ಲೇಖಗಳಲ್ಲೊಂದು ವಿದ್ವಾಂಸ ಹುವಾಂಗ್ ಝೊಂಗ್‌ಶಿ 1669ರಲ್ಲಿ ಬರೆದ ಸಮಾಧಿಲೇಖದಲ್ಲಿದೆ; ಬಹಿರಂಗ ಕಲೆಯಾದ ಶಾವೊಲಿನ್ ಪದ್ಧತಿಗೆ ಭಿನ್ನವಾಗಿ, ನಿಶ್ಚಲತೆಯಿಂದ ಚಲನೆಯನ್ನು ಹತೋಟಿಗೆ ತರುವ ಕಲೆಯೆಂದು ಅಂತರಂಗ ಪಂಥವನ್ನು ವಿವರಿಸುವ ಆತ, ವುಡಾಂಗ್ ಪರ್ವತದ ತಾವೋ ಸಾಧಕ ಝಾಂಗ್ ಸಾನ್‌ಫೆಂಗನನ್ನು ಅದರ ಮೂಲಪುರುಷನೆಂದು ಹೆಸರಿಸುತ್ತಾನೆ.

ಮುಂದೆ ತೈ ಚಿಯ ಹುಟ್ಟನ್ನೂ ಇದೇ ಸಾಧಕನಿಗೆ ಆರೋಪಿಸಲಾಯಿತಾದರೂ, ಚರಿತ್ರೆಯ ಆಧಾರ ಸಿಗುವುದು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ. 17ನೆಯ ಶತಮಾನದ ಯೋಧ ಚೆನ್ ವಾಂಗ್‌ಟಿಂಗನ ಹೆಸರಿನೊಡನೆ ಅಲ್ಲಿ ಬೆಳೆದ ವಿದ್ಯೆಯನ್ನು ಯಾಂಗ್ ಲುಚಾನ್ (1799–1872) ಬೀಜಿಂಗಿಗೆ ಒಯ್ದ. ಆದ್ದರಿಂದ ತಾವೋ ದರ್ಶನದೊಡನೆ ತೈ ಚಿಗಿರುವ ನಂಟನ್ನು ಗುರುಪರಂಪರೆಯ ಕಥೆಗಳಿಗಿಂತ ಕಲೆಯ ಒಳನಿಯಮಗಳಲ್ಲಿ ಹುಡುಕುವುದೇ ಸರಿ.

ಆ ನಿಯಮಗಳಲ್ಲಿ ಮೊದಲನೆಯದು ಯಿನ್ ಮತ್ತು ಯಾಂಗ್‌ಗಳ ಪರಸ್ಪರತೆ. ನಿಶ್ಚಲತೆ, ಮೃದುತ್ವಗಳು ಯಿನ್. ಚಲನೆ, ಕಾಠಿಣ್ಯಗಳು ಯಾಂಗ್. ಇವು ಒಂದನ್ನೊಂದು ಅಳಿಸುವ ವೈರಿಗಳಲ್ಲ, ತುದಿ ಮುಟ್ಟಿದೊಡನೆ ಒಂದು ಇನ್ನೊಂದಾಗಿ ತಿರುಗುವ ಅವಸ್ಥೆಗಳು. ದೇಹದ ಭಾರ ಒಂದು ಕಾಲಿಗಿಳಿದು ಅದು 'ತುಂಬಿದಾಗ' ಇನ್ನೊಂದು 'ಬರಿದಾಗಿ' ಹೆಜ್ಜೆಯಿಡಲು ಸ್ವತಂತ್ರವಾಗುತ್ತದೆ. ಈ ಭೇದ ಅಳಿದು ಚಲನೆ ಕಟ್ಟಿಹೋಗುವುದನ್ನು 'ಇಮ್ಮಡಿ ಭಾರ'ವೆಂಬ ದೋಷವಾಗಿ ಎಣಿಸಲಾಗುತ್ತದೆ.

ಎರಡನೆಯದು 'ವು ವೈ', ಅಂದರೆ ಕೈಕಟ್ಟಿ ಕೂರುವುದಲ್ಲ, ಸಹಜಗತಿಯ ಮೇಲೆ ಬಲಾತ್ಕಾರ ಮಾಡದೆ ನಡೆಸುವ ಕ್ರಿಯೆ. ಇದರ ಪರೀಕ್ಷೆ ನಡೆಯುವುದು 'ತುಯ್ ಷೌ' ಎಂಬ ಜೋಡಿ ಅಭ್ಯಾಸದಲ್ಲಿ. ಇಬ್ಬರು ಎದುರುಬದುರಾಗಿ ನಿಂತು, ಕೈಗೆ ಕೈ ತಾಗಿಸಿ, ಸ್ಪರ್ಶದಿಂದಲೇ ಇನ್ನೊಬ್ಬರ ಬಲದ ದಿಕ್ಕನ್ನು ಗ್ರಹಿಸುತ್ತಾರೆ. ಈ ಗ್ರಹಿಕೆಯನ್ನು ಬಲವನ್ನು 'ಆಲಿಸುವುದು' ಎನ್ನುತ್ತಾರೆ. ತಳ್ಳುವವನಿಗೆ ಅಡ್ಡ ನಿಲ್ಲದೆ, ಸಂಪರ್ಕವನ್ನೂ ಕಡಿದುಕೊಳ್ಳದೆ, ಸೊಂಟದ ತಿರುವಿನಲ್ಲಿ ಆ ಬಲವನ್ನು ಬದಿಗೆ ಹರಿಯಗೊಟ್ಟರೆ, ಆತ ತನ್ನ ರಭಸದಿಂದಲೇ ಸಮತೋಲ ಕಳೆದುಕೊಳ್ಳುತ್ತಾನೆ.

ಗೆಲ್ಲುವುದಕ್ಕಾಗಿಯೇ ಮಣಿಯುವುದಾದರೆ ಅದು ಯುದ್ಧತಂತ್ರವಲ್ಲದೆ ದರ್ಶನ ಹೇಗಾದೀತು, ಕಾದಾಡದಿರುವುದನ್ನು ಹೊಗಳಿದ ತಾವೋ ದಾರ್ಶನಿಕ ಲಾವೋತ್ಸೆಯ ಬೋಧೆಗೂ ಹೊಡೆದಾಟದ ಕಲೆಗೂ ಏನು ಸಂಬಂಧ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಇದಕ್ಕೆ ಉತ್ತರ ಅಭ್ಯಾಸದಲ್ಲಿಯೇ ಇದೆ. ಗೆಲ್ಲಲೇಬೇಕೆಂಬ ಹಠ ಹುಟ್ಟಿದೊಡನೆ ಭುಜಗಳು ಬಿಗಿಯುತ್ತವೆ, ಉಸಿರು ಮೇಲೇರುತ್ತದೆ, ಸ್ಪರ್ಶದ ಸೂಕ್ಷ್ಮತೆ ಮಂಕಾಗುತ್ತದೆ. ಅಂತಹ ದೇಹವು ಎದುರಾಳಿಯ ಬಲಕ್ಕೆ ಹಿಡಿ ಒದಗಿಸುತ್ತದೆ. ಮಣಿಯುವಂತೆ ನಟಿಸಿ ಗೆಲುವಿಗೆ ಹೊಂಚುವವನೂ ಒಳಗೊಳಗೇ ಬಿಗಿದಿರುವುದರಿಂದ, ಅವನ ಮಣಿತವೂ ಅರ್ಧದಲ್ಲೇ ನಿಲ್ಲುತ್ತದೆ. ಹೀಗೆ ಇಲ್ಲಿ ಅಹಂಕಾರದ ವಿಸರ್ಜನೆಯು ಕೌಶಲಕ್ಕೆ ಹೊರಗಿನಿಂದ ತೊಡಿಸಿದ ನೀತಿಯಲ್ಲ, ಕೌಶಲದ ಪೂರ್ವಶರತ್ತು. ತಾವೋ ಚಿಂತನೆಯು ಬಾಳಿಗೆ ಹೇಳಿದ ಮಾತನ್ನು ತೈ ಚಿಯು ದೇಹದ ಮೇಲೆ ಒರೆಗೆ ಹಚ್ಚುತ್ತದೆ. ಈ ಕಾರಣದಿಂದಲೇ ಅದನ್ನು ಅಂತರಂಗದ ಕಲೆಯೆಂದು ಕರೆಯುವುದು ಸಾರ್ಥಕವಾಗಿದೆ.