ಎಲ್ಲಿ ನಿಂತು ಹೇಳುತ್ತಿದ್ದೀರಿ?

ಫೈಬರ್ ತಂತಿ ಹೋಬಳಿ ಊರುಗಳ ಬೀದಿಗೂ ಬಂದ ಮೇಲೆ ಮನೆಯೊಳಗೊಂದು ಹೊಸ ವಾದ ಶುರುವಾಗಿದೆ. ಹಾಸನ ತಾಲ್ಲೂಕಿನ ದುದ್ದವಿರಲಿ, ಅರಕಲಗೂಡು, ಹೊಳೆನರಸೀಪುರದ ಕಡೆಯ ಹಳ್ಳಿಯಿರಲಿ, ನಡುಮನೆಯಲ್ಲಿ ಕೂತವರು ವೈಫೈ ಚೆನ್ನಾಗಿದೆ ಎನ್ನುತ್ತಾರೆ. ಹಿತ್ತಿಲ ಕಡೆಯ ಕೋಣೆಯಲ್ಲಿ ಆನ್‌ಲೈನ್ ಪಾಠಕ್ಕೆ ಕೂತ ಮಕ್ಕಳು ಇಲ್ಲವೇ ಇಲ್ಲ ಎನ್ನುತ್ತಾರೆ. ಮನೆ ಒಂದು, ರೌಟರ್ ಒಂದು, ಹೇಳಿಕೆ ಎರಡು. ಈ ವಾದ ಸಾಮಾನ್ಯವಾಗಿ ಯಾರ ದನಿ ದೊಡ್ಡದೋ ಅವರ ಕಡೆಗೆ ತೀರ್ಮಾನವಾಗುತ್ತದೆ, ಇಲ್ಲವೇ ‘ಇಬ್ಬರದೂ ಸರಿ ಬಿಡಿ’ ಎಂಬ ರಾಜಿಯಲ್ಲಿ ಮುಗಿಯುತ್ತದೆ. ಮೊಬೈಲಿನ ವೈಫೈ ಸ್ಕ್ಯಾನಿಂಗ್ ಆ್ಯಪ್ ಬೇರೊಂದು ದಾರಿ ತೋರಿಸುತ್ತದೆ. ಎದ್ದು ಕೋಣೆಯಿಂದ ಕೋಣೆಗೆ ನಡೆಯಬೇಕು, ನಿಂತಲ್ಲಿ ಅಳೆಯಬೇಕು, ಅಳತೆಯ ಪಕ್ಕದಲ್ಲಿ ಜಾಗದ ಹೆಸರು ಬರೆಯಬೇಕು. ದುದ್ದದಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಹೋಗಿಬರಬಹುದಾದ ಶ್ರವಣಬೆಳಗೊಳದ ಜೈನ ತಾರ್ಕಿಕ ಪರಂಪರೆ, ಸತ್ಯದ ಬಗ್ಗೆ ಮಾತಾಡುವ ಎಲ್ಲರಿಂದಲೂ ಕೇಳಿದ್ದು ಇದೇ ಶಿಸ್ತನ್ನು. ವಸ್ತುವಿಗೆ ಹಲವು ಮುಖಗಳಿವೆ ಎನ್ನುವ ಆ ಪರಂಪರೆಯ ಅನೇಕಾಂತವನ್ನು ನಾವು ಇಂದು ಸಭೆ-ಸಮಾರಂಭಗಳ ಭಾಷಣದಲ್ಲಿ ‘ಎಲ್ಲರ ಮಾತೂ ಸತ್ಯ’ ಎಂಬ ಸೌಜನ್ಯಕ್ಕೆ ಇಳಿಸಿಬಿಟ್ಟಿದ್ದೇವೆ. ಇದು ಆ ದರ್ಶನಕ್ಕೆ ಆಗುತ್ತಿರುವ ಅನ್ಯಾಯ ಎಂಬುದು ನನ್ನ ವಾದ. ಅದನ್ನು ತೋರಿಸಲು ಮನೆಯ ವೈಫೈಗಿಂತ ಹತ್ತಿರದ ಸಾಕ್ಷಿ ಇನ್ನೊಂದು ನನಗೆ ಕಾಣದು.

ಆ್ಯಪ್ ಮಾಡುವುದೇನು? ರೌಟರು ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನೂ ಚಾನೆಲ್ಲನ್ನೂ ಸಾರುವ ಸಣ್ಣ ಸಂದೇಶವೊಂದನ್ನು ಬಿಡುತ್ತಲೇ ಇರುತ್ತದೆ. ಆ ಸಂದೇಶ ಫೋನಿಗೆ ಎಷ್ಟು ಬಲದಲ್ಲಿ ಮುಟ್ಟಿತು ಎಂಬುದನ್ನು ಆ್ಯಪ್ ಡಿಬಿಎಂ ಎಂಬ ಮಾನದಲ್ಲಿ ಋಣಸಂಖ್ಯೆಯಾಗಿ ತೋರಿಸುತ್ತದೆ. ರೌಟರಿನ ಮಗ್ಗುಲಲ್ಲಿ ಅದು -35ರ ಆಸುಪಾಸು ಇರುತ್ತದೆ. ವಿಡಿಯೋ ಕರೆ ತಡವರಿಸದೆ ನಡೆಯಬೇಕಾದರೆ -67ರಷ್ಟಾದರೂ ಇರಬೇಕು. -80 ದಾಟಿದರೆ ಸಂಪರ್ಕ ಹೆಸರಿಗಷ್ಟೇ. ಈ ಮಾನದಲ್ಲಿ ಹತ್ತು ಅಂಕ ಇಳಿದರೆ ಬಲ ಹತ್ತನೇ ಒಂದು ಪಾಲಿಗೆ ಬೀಳುತ್ತದೆ. ನಡುಮನೆಯಲ್ಲಿ -50, ಅಡುಗೆಮನೆಯಲ್ಲಿ -80 ಎಂದರೆ ಎರಡರ ನಡುವಿನ ಅಂತರ ಸಾವಿರ ಪಟ್ಟು. ಇಷ್ಟು ದೊಡ್ಡ ಅಂತರ ಬರುವುದು ಕಣ್ಣಿಗೆ ದಿನವೂ ಬೀಳುವ ವಸ್ತುಗಳಿಂದಲೇ: ಹಳೆಯ ಮನೆಯ ದಪ್ಪ ಮಣ್ಣಿನ ಗೋಡೆ, ಕಂಬಿ ತುಂಬಿದ ಆರ್‌ಸಿಸಿ ಚಪ್ಪಡಿ, ಕಬ್ಬಿಣದ ಬೀರು, ನೀರಿನ ಟ್ಯಾಂಕು. ನೀರು ಈ ಅಲೆಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಸನದ ರೈತರಿಗೆ ಸ್ವಾರಸ್ಯ ಎನಿಸಬಹುದಾದ ಸಂಗತಿಯೊಂದಿದೆ. 2012ರಲ್ಲಿ ಬೋಯಿಂಗ್ ಕಂಪನಿ ವಿಮಾನದೊಳಗಿನ ವೈಫೈ ಪರೀಕ್ಷಿಸುವಾಗ ಪ್ರಯಾಣಿಕರ ಬದಲು ಸೀಟುಗಳ ಮೇಲೆ ಸುಮಾರು 9 ಟನ್ ಆಲೂಗಡ್ಡೆ ಮೂಟೆಗಳನ್ನು ಕೂರಿಸಿತ್ತು. ರೇಡಿಯೋ ಅಲೆಗಳ ಮಟ್ಟಿಗೆ ಆಲೂಗಡ್ಡೆಯೂ ಮನುಷ್ಯದೇಹವೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತವೆ. ಆಲೂಗಡ್ಡೆ ಕಿತ್ತ ಕಾಲದಲ್ಲಿ ಪಡಸಾಲೆಯಲ್ಲಿ ಮೂಟೆ ಒಟ್ಟಿದರೆ ಅದರಾಚೆಯ ಕೋಣೆಯ ಅಳತೆ ಇಳಿಯುತ್ತದೆ, ಮೂಟೆ ಮಂಡಿಗೆ ಹೋದ ಮೇಲೆ ಏರುತ್ತದೆ. ಅಂದರೆ ಅಳತೆ ಜಾಗಕ್ಕೆ ಮಾತ್ರವಲ್ಲ, ಹೊತ್ತಿಗೂ ಸೇರಿದ್ದು.

ಹೀಗಿರುವಾಗ ‘ನಮ್ಮ ಮನೆಯ ವೈಫೈ ಹೇಗಿದೆ?’ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೇಗೆ ಸಾಧ್ಯ? ನಡುಮನೆಯ ಅಪೇಕ್ಷೆಯಿಂದ, ಅಂದರೆ ಅಲ್ಲಿ ನಿಂತು ನೋಡಿದರೆ, ಇದೆ. ಅಡುಗೆಮನೆಯ ಅಪೇಕ್ಷೆಯಿಂದ ಇಲ್ಲ. ಒಂದಾದ ಮೇಲೊಂದು ಹೇಳುವುದಾದರೆ ಇದೆ ಮತ್ತು ಇಲ್ಲ. ಎರಡನ್ನೂ ಒಂದೇ ಉಸಿರಿಗೆ, ಒಂದೇ ಪದದಲ್ಲಿ ಹೇಳು ಎಂದರೆ ಹೇಳಲಾಗದು. ಅನೇಕಾಂತವನ್ನು ಮಾತಿಗೆ ಇಳಿಸುವ ಸ್ಯಾದ್ವಾದದ ಏಳು ಭಂಗಗಳಲ್ಲಿ, ಅಂದರೆ ಹೇಳಿಕೆಯ ಬಗೆಗಳಲ್ಲಿ, ಮೊದಲ ನಾಲ್ಕು ಇವೇ: ಅಸ್ತಿ, ನಾಸ್ತಿ, ಅಸ್ತಿನಾಸ್ತಿ, ಅವಕ್ತವ್ಯ. ಉಳಿದ ಮೂರು ಇವುಗಳ ಜೋಡಣೆ. ಇವುಗಳಲ್ಲಿ ಅವಕ್ತವ್ಯವನ್ನು ಹಲವರು ಏನೋ ಗೂಢ ಮೌನವೆಂದು ತಿಳಿಯುತ್ತಾರೆ. ಅದು ಅಷ್ಟು ಗೂಢವಾದದ್ದೇನಲ್ಲ. -50ಕ್ಕೂ -80ಕ್ಕೂ ನಡುವೆ -65 ಎಂದು ಸರಾಸರಿ ತೆಗೆದರೆ ಆ ಸಂಖ್ಯೆ ಯಾವ ಕೋಣೆಯದೂ ಅಲ್ಲ. ಒಂದೇ ಮಾತಿಗೆ ಒತ್ತಾಯಿಸಿದಾಗ ಹುಟ್ಟುವ ಇಂಥ ಸುಳ್ಳು ಸಂಖ್ಯೆಯನ್ನು ಹೇಳಲು ಒಲ್ಲೆ ಎನ್ನುವ ಪ್ರಾಮಾಣಿಕತೆಯೇ ಅವಕ್ತವ್ಯ. ಅಳತೆಯನ್ನು ಅದರ ಅಪೇಕ್ಷೆಯಿಂದ ಬಿಡಿಸಲಾಗದು ಎಂಬುದು ಮನೆಯಾಚೆಗೂ ನಿಜ. ಹಾಸನ ನಗರದಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದಲೂ ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳ ಸಂಕೇತಗಳನ್ನು ಕೇಳುತ್ತಾ ಬಂದಿದೆ. ಯಾವ ಆಂಟೆನಾ, ಯಾವ ಆವರ್ತನ, ಯಾವ ಗಳಿಗೆ ಎಂಬುದನ್ನು ಬಿಟ್ಟು ಬರೀ ಬಲ ಇಷ್ಟು ಎಂದರೆ ಅಂಥ ಕಡೆ ಅದು ಅಳತೆಯೇ ಅಲ್ಲ. ಜೈನ ತಾರ್ಕಿಕರು ಈ ಶಿಸ್ತನ್ನೇ ಪದಾರ್ಥ, ಜೀವ, ನಿತ್ಯ, ಅನಿತ್ಯ ಎಂಬ ದೊಡ್ಡ ಮಾತುಗಳಿಗೂ ಅನ್ವಯಿಸಿದರು. ಜೀವ ದ್ರವ್ಯದೃಷ್ಟಿಯಿಂದ (ಮೂಲವಸ್ತುವಾಗಿ ನೋಡಿದರೆ) ನಿತ್ಯ, ಪರ್ಯಾಯದೃಷ್ಟಿಯಿಂದ (ಬದಲಾಗುವ ಅವಸ್ಥೆಗಳಾಗಿ ನೋಡಿದರೆ) ಅನಿತ್ಯ. ದೃಷ್ಟಿ ಯಾವುದೆಂದು ಹೇಳಿದೊಡನೆ ಮಾತು ಖಚಿತವಾಗುತ್ತದೆ, ಮತ್ತು ಖಚಿತವಾದ್ದರಿಂದಲೇ ಪರೀಕ್ಷೆಗೆ ಸಿಗುತ್ತದೆ.

ಪರೀಕ್ಷೆಗೆ ಸಿಗುವ ಮಾತು ತಪ್ಪಾಗಬಹುದು. ‘ಎಲ್ಲರೂ ಸರಿ’ ಎನ್ನುವವರು ಮರೆಯುವುದು ಇದನ್ನೇ. ಅಡುಗೆಮನೆಯಲ್ಲಿ ನಿಂತು ಅಲ್ಲಿ -50 ಇದೆ ಎಂದವರದು ಇನ್ನೊಂದು ದೃಷ್ಟಿಕೋನ ಆಗುವುದಿಲ್ಲ, ತಪ್ಪು ಆಗುತ್ತದೆ. ಅನೇಕಾಂತದ ಆಚಾರ್ಯರು ತಪ್ಪನ್ನು ತಪ್ಪೆನ್ನಲು ಹಿಂಜರಿದವರಲ್ಲ ಎಂಬುದಕ್ಕೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲೇ ಕಲ್ಲಿನ ಸಾಕ್ಷಿಯಿದೆ. ಅಲ್ಲಿನ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ, ಜೈನ ಆಚಾರ್ಯರಾದ ಸಮಂತಭದ್ರರು ಪಾಟಲಿಪುತ್ರದಿಂದ ಕಂಚಿಯವರೆಗೆ ಊರೂರಿನಲ್ಲಿ ವಾದದ ಭೇರಿ ಬಾರಿಸಿದ್ದನ್ನೂ ಅಕಲಂಕರು ರಾಜ ಸಾಹಸತುಂಗನ ಸಭೆಯಲ್ಲಿ ಪಂಡಿತರಿಗೆ ಸವಾಲು ಹಾಕಿದ್ದನ್ನೂ ಕೊಂಡಾಡುತ್ತದೆ. ಎಲ್ಲರ ಮಾತೂ ಸರಿಯಾಗಿದ್ದರೆ ಭೇರಿ ಬಾರಿಸುವ ಕೆಲಸವೇ ಇರುತ್ತಿರಲಿಲ್ಲ. ಅವರ ಆಕ್ಷೇಪ ಇದ್ದದ್ದು ಒಂದು ಕಡೆಯಿಂದ ಕಂಡದ್ದನ್ನು ಎಲ್ಲ ಕಡೆಯ ಸತ್ಯವೆಂದು ಸಾಧಿಸುವವರ ಮೇಲೆ. ಒಂದು ಕಡೆಯ ಅರಿವಿಗೆ ನಯ ಎಂದರು. ಉಳಿದದ್ದನ್ನೆಲ್ಲ ಅಲ್ಲಗಳೆಯುವ ಒಂದು ಕಡೆಯ ಅರಿವಿಗೆ ದುರ್ನಯ ಎಂದರು. ನಡುಮನೆಯಲ್ಲಿ ಕೂತವರ ಅಳತೆ ನಯ. ಎದ್ದು ಹೋಗಿ ನೋಡದೆ ‘ಹಿತ್ತಿಲ ಕೋಣೆಯಲ್ಲೂ ಚೆನ್ನಾಗೇ ಇದೆ, ನೀನೇ ನೆಪ ಹೇಳ್ತಿದ್ದೀಯ’ ಎಂದು ಮಗುವನ್ನು ಗದರಿದರೆ ದುರ್ನಯ. ಇದನ್ನು ವಿವರಿಸಲು ಆನೆ ಮತ್ತು ಕುರುಡರ ಕತೆ ಹೇಳುವ ರೂಢಿಯಿದೆ. ನನಗೆ ಆ ಕತೆ ಸಾಲದು. ಅಲ್ಲಿ ಇಡೀ ಆನೆಯನ್ನು ಕಂಡ ಕಣ್ಣುಳ್ಳವನೊಬ್ಬ ಪಕ್ಕದಲ್ಲಿ ನಿಂತೇ ಇರುತ್ತಾನೆ, ಕೇಳುವ ನಾವೂ ಅವನ ಜೊತೆ ನಿಂತುಬಿಡುತ್ತೇವೆ. ವೈಫೈಯ ವಿಷಯದಲ್ಲಿ ಹಾಗೆ ನಿಲ್ಲಲು ಜಾಗವಿಲ್ಲ. ಅಲೆ ಯಾರ ಕಣ್ಣಿಗೂ ಕಾಣದು. ಮನೆಯ ನಕ್ಷೆ ಬೇಕಿದ್ದರೆ ಪ್ರತಿ ಕೋಣೆಗೂ ಕಾಲಿಟ್ಟೇ ತಿಳಿಯಬೇಕು.

ರಾಜಿಯ ಪ್ರಶ್ನೆಗೂ ವೈಫೈ ಒಂದು ಸಾಕ್ಷ್ಯ ಕೊಡುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿವೆ. ಆದರೆ ಒಂದೊಂದು ಚಾನೆಲ್ಲೂ ಪಕ್ಕದವುಗಳ ಮೇಲೆ ಹರಡಿಕೊಳ್ಳುವುದರಿಂದ ಒಂದಕ್ಕೊಂದು ತಾಗದಿರಲೆಂದು ಸಾಮಾನ್ಯವಾಗಿ ಬಳಸುವವು 1, 6, 11. ಅಂಗಡಿ ಬೀದಿಯಲ್ಲಿ ಎಡಗಡೆಯವರದು 1, ಬಲಗಡೆಯವರದು 6 ಇದ್ದರೆ, ಯಾರಿಗೂ ನೋವಾಗದಿರಲಿ ಎಂದು ನಡುವಿನ 3ನ್ನು ಆರಿಸಿಕೊಳ್ಳುವುದು ಒಳ್ಳೆಯತನದಂತೆ ಕಾಣುತ್ತದೆ. ಪರಿಣಾಮ ಅದಕ್ಕೆ ವಿರುದ್ಧ. ಒಂದೇ ಚಾನೆಲ್‌ನಲ್ಲಿರುವ ಎರಡು ರೌಟರುಗಳು ಪರಸ್ಪರರ ಮಾತು ಗುರುತಿಸಿ ಸರದಿ ಕಾಯುತ್ತವೆ. ನಡುವೆ ನಿಂತದ್ದರ ಮಾತು ಮಾತ್ರ ಇಬ್ಬರಿಗೂ ಬರೀ ಗದ್ದಲ, ಅದಕ್ಕೂ ಇಬ್ಬರದೂ ಗದ್ದಲ. ದರ್ಶನಗಳ ನಡುವೆಯೂ ಹೀಗೆಯೇ ಆಗುತ್ತದೆ ಎಂದು ನಾನು ನಂಬಿದ್ದೇನೆ: ತನ್ನ ನಿಲುವನ್ನು ಸ್ಪಷ್ಟವಾಗಿ ಇಟ್ಟವರ ನಡುವೆ ಸರದಿಯ ಸಂವಾದ ಸಾಧ್ಯ, ಎಲ್ಲದರ ತುಣುಕು ಬೆರೆಸಿದ ಮಿಶ್ರಣದೊಡನೆ ಯಾರಿಗೂ ಸಂವಾದ ಸಾಧ್ಯವಿಲ್ಲ. ಇದಕ್ಕೆ ಎದುರಾಗಿ ಶ್ರವಣಬೆಳಗೊಳದ್ದೇ ಇನ್ನೊಂದು ಶಾಸನವನ್ನು ತೋರಿಸಬಹುದು. ಭಂಡಾರಿ ಬಸದಿಯಲ್ಲಿರುವ 1368ರ, ವಿಜಯನಗರದ ಬುಕ್ಕರಾಯನ ಶಾಸನ ಜೈನರಿಗೂ ಶ್ರೀವೈಷ್ಣವರಿಗೂ ಬಂದಿದ್ದ ವ್ಯಾಜ್ಯ ತೀರಿಸುತ್ತಾ ಎರಡು ದರ್ಶನಗಳಿಗೂ ಭೇದವೆಣಿಸಬಾರದು ಎನ್ನುತ್ತದಲ್ಲ, ಅದು ‘ಎಲ್ಲವೂ ಒಂದೇ’ ಎಂದಂತಲ್ಲವೇ? ಶಾಸನ ಮಾಡಿದ ವ್ಯವಸ್ಥೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಎಂದಿನಂತೆ ಉಳಿಯಿತು. ಜೈನರ ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೂಡಿಸಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಶ್ರೀವೈಷ್ಣವರ ಕಡೆಯಿಂದಲೇ ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದಾಯಿತು. ಯಾರ ಸಿದ್ಧಾಂತವನ್ನೂ ಯಾರೂ ಬಿಟ್ಟುಕೊಡಲಿಲ್ಲ. ಜೈನ ದರ್ಶನಕ್ಕಾದ ಹಾನಿಯನ್ನು ವೈಷ್ಣವರು ತಮ್ಮ ಹಾನಿಯೆಂದೇ ಎಣಿಸಬೇಕೆಂದು ರಾಜ ವಿಧಿಸಿದ. ಎರಡನ್ನೂ ಕಲಸಿ ಮೂರನೆಯದೊಂದನ್ನು ಮಾಡಲಿಲ್ಲ.

ಅತ್ಯಂತ ಗಟ್ಟಿ ಆಕ್ಷೇಪ ಶಂಕರಾಚಾರ್ಯರದು. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಎರಡನೇ ಪಾದದ ಭಾಷ್ಯದಲ್ಲಿ ಅವರು ಕೇಳುವುದು ಹೀಗೆ: ಒಂದೇ ವಸ್ತುವಿನಲ್ಲಿ ಇರುವಿಕೆ, ಇಲ್ಲದಿರುವಿಕೆ ಎಂಬ ವಿರುದ್ಧ ಧರ್ಮಗಳು ಒಟ್ಟಿಗೆ ಸೇರುವುದು ಹೇಗೆ? ಎಲ್ಲವೂ ಅನಿಶ್ಚಿತವಾದರೆ ಉಪದೇಶಿಸುವ ಗುರುವಿನ ಜ್ಞಾನವೂ ಅನಿಶ್ಚಿತವೇ ಆಗಿ, ಶಿಷ್ಯ ಯಾವ ನಂಬಿಕೆಯಿಂದ ಹೆಜ್ಜೆಯಿಡಬೇಕು? ‘ಎಲ್ಲರೂ ಸರಿ’ ಎಂಬ ಇಂದಿನ ಅನೇಕಾಂತಕ್ಕೆ ಈ ಆಕ್ಷೇಪ ನೇರವಾಗಿ ತಗಲುತ್ತದೆ, ಅದರಿಂದ ಅದು ಪಾರಾಗಲಾರದು. ಆದರೆ ಅಪೇಕ್ಷೆಯನ್ನು ಹೆಸರಿಸಿ ಹೇಳುವ ಅನೇಕಾಂತಕ್ಕೆ ತಗಲುವುದಿಲ್ಲ. ಅಡುಗೆಮನೆಯಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ಫೋನಿನಲ್ಲಿ -80 ಎಂಬ ಮಾತಿನಲ್ಲಿ ಅನಿಶ್ಚಯ ಎಲ್ಲಿದೆ? ಅದಕ್ಕೂ ನಡುಮನೆಯ -50ಕ್ಕೂ ವಿರೋಧವಿಲ್ಲ. ಜಾಗದ ಹೆಸರನ್ನು ಅಳಿಸಿದಾಗ ಮಾತ್ರ ವಿರೋಧ ಹುಟ್ಟುತ್ತದೆ. ಹೆಜ್ಜೆಯಿಡುವ ಪ್ರಶ್ನೆಗೂ ಇದೇ ಉತ್ತರ. ರೌಟರನ್ನು ಬೀರುವಿನ ಹಿಂದಿನಿಂದ ತೆಗೆದು ಮನೆಯ ಮಧ್ಯಕ್ಕೆ, ಎತ್ತರಕ್ಕೆ ತರಬೇಕು. ಹತ್ತಿರದ ಕೋಣೆಗೆ 5 ಗಿಗಾಹರ್ಟ್ಸ್, ಗೋಡೆ ದಾಟಬೇಕಾದ ಕಡೆಗೆ 2.4 ಬಳಸಬೇಕು, ಸ್ಕ್ಯಾನಿನಲ್ಲಿ ಕಡಿಮೆ ಗದ್ದಲ ಕಂಡ ಚಾನೆಲ್ ಹಿಡಿಯಬೇಕು. ಈ ನಿರ್ಧಾರಗಳೆಲ್ಲ ಜಾಗದ ಹೆಸರಿರುವ ಅಳತೆಗಳಿಂದಲೇ ಬರುತ್ತವೆ, ಮತ್ತು ಮಾಡಿದ ಮೇಲೆ ಸರಿಯೋ ತಪ್ಪೋ ಎಂದು ಮತ್ತೆ ಅಳೆದು ನೋಡಬಹುದು.

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ವೈಫೈ ಭೌತಿಕ, ಅಳೆಯಬಹುದಾದದ್ದು. ಆತ್ಮ, ಮೋಕ್ಷ, ದೇವರು ಅಳತೆಗೆ ಸಿಗುವವಲ್ಲ. ಒಂದರ ಪಾಠ ಇನ್ನೊಂದಕ್ಕೆ ಹೇಗೆ ಹೊಂದೀತು? ‘ವೈಫೈ ಕಾಣದಿದ್ದರೂ ಇದೆ, ಹಾಗೆಯೇ ದೇವರು’ ಎಂದು ಕೆಲವರು ಹೇಳುವುದನ್ನು ನಾನೂ ಒಪ್ಪುವುದಿಲ್ಲ. ಕಾಣದಿರುವ ವೈಫೈಯನ್ನು ಯಾರು ಬೇಕಾದರೂ ಅಳೆಯಬಹುದು, ಅಳತೆ ತಪ್ಪೆಂದು ತೋರಿಸಲೂಬಹುದು. ಆ ಹೋಲಿಕೆ ದೇವರನ್ನು ಸಾಧಿಸುವುದಿಲ್ಲ. ನಾನು ಕೇಳುತ್ತಿರುವುದು ವಸ್ತುವಿನ ಬಗ್ಗೆ ಅಲ್ಲ, ವಸ್ತುವಿನ ಬಗ್ಗೆ ಮಾತಾಡುವ ನಮ್ಮ ನಡತೆಯ ಬಗ್ಗೆ. ಅಳೆಯಬಹುದಾದ ಅಲೆಯ ಬಗ್ಗೆಯೇ ಜಾಗ ಹೇಳದೆ ಮಾತಾಡಿದರೆ ತಪ್ಪುತ್ತೇವೆ ಎಂದಾದರೆ, ಅಳೆಯಲಾಗದ್ದರ ಬಗ್ಗೆ ಮಾತಾಡುವಾಗ ಎಚ್ಚರ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಆ್ಯಪ್ ಕೂಡ ಸರ್ವಜ್ಞ ಅಲ್ಲ. ಅದಕ್ಕೆ ವೈಫೈ ಸಂದೇಶಗಳು ಮಾತ್ರ ಕಾಣುತ್ತವೆ, ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಮಾಡುವ ಮೈಕ್ರೋವೇವ್ ಒಲೆ ಅದಕ್ಕೆ ಕಾಣುವುದಿಲ್ಲ. ಒಂದೇ ಜಾಗದಲ್ಲಿ ಎರಡು ಫೋನು ಎರಡು ಅಂಕ ತೋರಿಸುವುದುಂಟು, ಆಂಟೆನಾ ಬೇರೆ. 2018ರ ಆಂಡ್ರಾಯ್ಡ್ 9ರಿಂದೀಚೆಗೆ ಆ್ಯಪ್‌ಗಳು ಎಷ್ಟು ಬೇಗಬೇಗ ಸ್ಕ್ಯಾನ್ ಮಾಡಬಹುದು ಎಂಬುದಕ್ಕೂ ಮಿತಿಯಿದೆ. ನಡೆಯುತ್ತಾ ನೋಡುವ ಅಂಕ ಹಿಂದಿನ ಕೋಣೆಯದಾಗಿರಬಹುದು. ಸಿಗ್ನಲ್ ತುಂಬಿದ್ದರೂ ಹೊರಗಿನ ಫೈಬರ್ ತುಂಡಾಗಿದ್ದರೆ ನೆಟ್ ಇಲ್ಲ, ಅದನ್ನು ಈ ಆ್ಯಪ್ ಹೇಳದು. ಜೈನ ದರ್ಶನವೂ ಸಮಗ್ರ ಅರಿವನ್ನು ಕೇವಲಿಗೆ, ಅಂದರೆ ಸರ್ವಜ್ಞನಿಗೆ, ಮೀಸಲಿಟ್ಟು, ಉಳಿದ ನಮ್ಮೆಲ್ಲರ ಅರಿವಿಗೆ ಗಡಿ ಇದೆ ಎಂದಿತು. ಗಡಿಯನ್ನು ಒಪ್ಪಿಯೂ ಖಚಿತವಾಗಿ ಮಾತಾಡುವ ಬಗೆಯನ್ನು ಕಲಿಸಿದ್ದು ಅದರ ದೊಡ್ಡತನ.

ಆದ್ದರಿಂದ ಅನೇಕಾಂತದ ಹೆಸರೆತ್ತುವ ಭಾಷಣಕಾರರಲ್ಲಿ ನನ್ನದೊಂದು ಕೋರಿಕೆ: ‘ಎಲ್ಲರ ಮಾತೂ ಸತ್ಯ’ ಎಂದು ಮುಗಿಸುವ ಮುನ್ನ, ಯಾರ ಮಾತು, ಯಾವ ಅಪೇಕ್ಷೆಯಿಂದ ಎಂದು ಒಂದು ವಾಕ್ಯ ಸೇರಿಸಿ, ಸೇರಿಸಲಾಗದಿದ್ದರೆ ಆ ಮಾತನ್ನು ಬಿಡಿ. ಗೊಮ್ಮಟನನ್ನು ನೋಡಲು ದೊಡ್ಡಬೆಟ್ಟ ಹತ್ತುವವರು ಎದುರಿನ ಚಿಕ್ಕಬೆಟ್ಟವಾದ ಚಂದ್ರಗಿರಿಯನ್ನೂ ಹತ್ತಿ ಮಲ್ಲಿಷೇಣ ಪ್ರಶಸ್ತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಅದರ ಪಾಠವೂ ಬುಕ್ಕರಾಯನ ಶಾಸನದ ಪಾಠವೂ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟದಲ್ಲಿ ಅಚ್ಚಾಗಿವೆ.