ನಡೆಯುವ ಚಪ್ಪರ

1950ರ ದಶಕದಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರೋಜರ್ಸ್ ಸೂಕ್ಷ್ಮದರ್ಶಕದ ಮೂಲಕ ಚಿತ್ರೀಕರಿಸಿದ ಒಂದು ತುಣುಕು ಇದೆ. ಕೆಂಪು ರಕ್ತಕಣಗಳ ಸಂದಿಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣವೊಂದು ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅದು ಹೊರಳಿದತ್ತ ಇದೂ ಹೊರಳುತ್ತದೆ. ಕೊನೆಗೆ ನುಂಗಿಬಿಡುತ್ತದೆ. ಆ ಕಣಕ್ಕೆ ಕಣ್ಣಿಲ್ಲ, ಕಾಲಿಲ್ಲ, ಮಿದುಳಿಲ್ಲ ಎಂಬುದನ್ನು ನೋಡಿದಾಗಲೆಲ್ಲ ನನಗೆ ನಾನೇ ನೆನಪಿಸಿಕೊಳ್ಳಬೇಕಾಗುತ್ತದೆ.

ಇರುವುದು ಐದು ನ್ಯಾನೋಮೀಟರ್ ಆಸುಪಾಸಿನ ದಪ್ಪದ ಕೊಬ್ಬಿನ ಪೊರೆ. ಹಾಲಿನ ಕೆನೆಯಂತೆ ಹೆಪ್ಪುಗಟ್ಟಿದ್ದೂ ಅಲ್ಲ, ತನ್ನೊಳಗೇ ಹರಿದಾಡುತ್ತಿರುವಂಥದು. ಅದರ ಒಳಮೈಗೆ ಅಂಟಿಕೊಂಡಂತೆ ಆಕ್ಟಿನ್ ಪ್ರೋಟೀನಿನ ಎಳೆಗಳ ಜಾಲ. ಇದನ್ನು ಕೋಶದ ಅಸ್ಥಿಪಂಜರ ಎನ್ನುವುದು ರೂಢಿ. ನನಗೆ ಆ ಹೆಸರು ಒಗ್ಗುವುದಿಲ್ಲ. ಮೂಳೆ ವರ್ಷಗಟ್ಟಲೆ ನಿಂತಿರುತ್ತದೆ. ಇದು ಕ್ಷಣಕ್ಷಣಕ್ಕೂ ಕಟ್ಟಿಕೊಳ್ಳುತ್ತ, ಕಳಚಿಕೊಳ್ಳುತ್ತ ಇರುತ್ತದೆ. ಮುಂದೆ ಗಳ ನೆಡುತ್ತ, ಹಿಂದಿನದನ್ನು ಕೀಳುತ್ತ, ತಾನೇ ಊರಾಚೆ ನಡೆದುಹೋಗುವ ಚಪ್ಪರವಿದು.

ಬ್ಯಾಕ್ಟೀರಿಯಾ ಉದುರಿಸಿದ ರಾಸಾಯನಿಕದ ಸುಳಿವು ಪೊರೆಯ ಹೊರಮೈಗೆ ತಗುಲಿದೊಡನೆ, ಒಳಗೆ ಆ ಬದಿಯಲ್ಲೇ ಆಕ್ಟಿನ್ ಕಣಗಳು ಸಾಲುಗೂಡುತ್ತವೆ. ಎಳೆಗೆ ಕವಲೊಡೆಯುತ್ತದೆ, ಕವಲಿಗೂ ಕವಲು. ಬೆಳೆಯುವ ತುದಿಗಳೆಲ್ಲ ಸೇರಿ ಪೊರೆಯನ್ನು ಮುಂದಕ್ಕೆ ದೂಡುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಸಂಗತಿ. ದೂಡಿಸಿಕೊಂಡ ಪೊರೆ ಬಿಗಿಯುತ್ತದೆ. ಆ ಬಿಗಿ ಇಡೀ ಕಣಕ್ಕೆ ಹಬ್ಬಿ, ಬೇರೆ ಯಾವ ಬದಿಯಲ್ಲೂ ಇನ್ನೊಂದು ಮುಂಚಾಚು ಮೂಡದಂತೆ ತಡೆಯುತ್ತದೆ. ಹಾಗಾಗಿಯೇ ಕಣ ಎರಡು ದಿಕ್ಕಿಗೆ ಎಳೆದಾಡದೆ ಒಂದೇ ದಿಕ್ಕಿಗೆ ಓಡುತ್ತದೆ. ಹೊರಗಿನ ಸುಳಿವು ಹಿಡಿದದ್ದೂ ಪೊರೆಯೇ, ಒಳಗಿನ ನೂಕಿಗೆ ಲಗಾಮು ಹಾಕಿದ್ದೂ ಪೊರೆಯೇ. ಆಳುವವರು ಯಾರು, ಆಳು ಯಾರು? ಹೇಳಲಾರೆ.

ಪೊರೆಗೂ ಆಕ್ಟಿನ್‌ಗೂ ನಡುವಿನ ಈ ಮಾತುಕತೆ ಮುರಿದರೆ ಏನಾಗುತ್ತದೆಂದು ಮೊದಲು ಕಂಡವರು ಮ್ಯೂನಿಕ್‌ನ ಮಕ್ಕಳ ವೈದ್ಯ ಆಲ್ಫ್ರೆಡ್ ವಿಸ್ಕಾಟ್. ಕಂಡದ್ದು ಇದೇ ಎಂದು ಅವರಿಗೆ ಗೊತ್ತಿರಲಿಲ್ಲ. ರಕ್ತಸ್ರಾವ, ಇಸುಬು, ಬಿಡದ ಸೋಂಕುಗಳಿಂದ ನರಳಿದ ಮೂವರು ಅಣ್ಣತಮ್ಮಂದಿರ ಬಗ್ಗೆ ಅವರು 1937ರಲ್ಲಿ ಬರೆದರು. ಮೂವರೂ ಎಳವೆಯಲ್ಲೇ ತೀರಿಕೊಂಡರು. ಈ ಕಾಯಿಲೆಯ ಜೀನು ಸಿಕ್ಕಿದ್ದು 1994ರಲ್ಲಿ. ಇಂಥ ಮಕ್ಕಳಲ್ಲಿ ಪೊರೆಯೂ ಇರುತ್ತದೆ, ಆಕ್ಟಿನ್ನೂ ಇರುತ್ತದೆ. ಪೊರೆಯ ಸುದ್ದಿಯನ್ನು ಆಕ್ಟಿನ್‌ಗೆ ಮುಟ್ಟಿಸುವ ಒಂದೇ ಒಂದು ಪ್ರೋಟೀನು ಕೆಟ್ಟಿರುತ್ತದೆ.

ಇಂದು ಹೊಂದುವ ಅಸ್ಥಿಮಜ್ಜೆ ಸಿಕ್ಕು ಕಸಿ ಫಲಿಸಿದರೆ, ಆ ಪ್ರೋಟೀನು ಸರಿಯಿರುವ ಬಿಳಿ ಕಣಗಳು ಮಗುವಿನ ಮೈಯಲ್ಲಿ ಹುಟ್ಟತೊಡಗುತ್ತವೆ. ಮಗು ಬದುಕುತ್ತದೆ.